ಕಿಡ್ನಿ ಕೋಶಕ್ಕೆ ಹಾರ್ಮೋನ್ ಹಾಕಿ ಜೀನ್ ಅಳೆಯುವುದು ಹೇಗೆ: ಮೊದಲ ಸಲ ಮಾಡುವವರಿಗೆ ಪೂರ್ತಿ ಮಾರ್ಗದರ್ಶಿ

ಫೆಬ್ರವರಿ ಕಳೆಯುತ್ತಿದ್ದ ಹಾಗೆ ಚಿಕ್ಕಮಗಳೂರು ಕಡೆ ತೋಟದವರೆಲ್ಲ ಆಕಾಶ ನೋಡುತ್ತಿರುತ್ತಾರೆ. ಹೂಮಳೆ ಬರಬೇಕು. ಕಾಫಿ ಮೊಗ್ಗು ಒಂದಷ್ಟು ವಾರ ನೀರಿಲ್ಲದೆ ಕಾದು ಕೂತಿದ್ದರೆ ಮಾತ್ರ ಆ ಒಂದು ಮಳೆಗೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಜನವರಿಯಲ್ಲೇ ಒಂದು ತುಂತುರು ಬಿದ್ದು ಹೋಯಿತು ಅನ್ನಿ. ಅಲ್ಲೊಂದು ಇಲ್ಲೊಂದು ಹೂ ಬಿಟ್ಟುಬಿಡುತ್ತದೆ, ಆಮೇಲೆ ನಿಜವಾದ ಮಳೆ ಬಂದರೂ ಒಂದೇ ಸಲಕ್ಕೆ ಅರಳುವ ಆ ಹೂ ಸಿಗುವುದಿಲ್ಲ.

ನಾನು ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಇದು ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆದರೂ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕಿಡ್ನಿ ಕೋಶಗಳಿಗೆ ಅಲ್ಡೋಸ್ಟೆರೋನ್ ಅನ್ನುವ, ಉಪ್ಪು ಉಳಿಸುವ ಹಾರ್ಮೋನ್ ಹಾಕಿ ಯಾವ ಜೀನ್ ಏರುತ್ತದೆ, ಅಂದರೆ ಯಾವುದರ ಆರ್‌ಎನ್‌ಎ ನಕಲು ಹೆಚ್ಚುತ್ತದೆ, ಅಂತ ನೋಡಲು ಕೂತಾಗ ಇದು ನೆನಪಿಗೆ ಬರಲಿಲ್ಲ. ಮೂರು ತಿಂಗಳು ಏನೂ ಏರಲಿಲ್ಲ. ಹಾರ್ಮೋನ್ ಕೆಟ್ಟಿದೆಯೇನೋ ಅಂತ ಹೊಸದು ತರಿಸಿದೆವು, ಜೀನ್ ಗುರುತಿಸುವ ಡಿಎನ್‌ಎ ತುಣುಕು, ಅಂದರೆ ಪ್ರೈಮರ್, ಬದಲಿಸಿದೆವು, ಮಷೀನ್ ಮೇಲೂ ಅನುಮಾನ ಪಟ್ಟೆವು. ಕೊನೆಗೆ ನೋಡಿದರೆ ಕೋಶ ಬೆಳೆಸುವ ಪೋಷಕ ದ್ರವ, ಅಂದರೆ ಮೀಡಿಯಾದಲ್ಲೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಇತ್ತು, ಜೊತೆಗೆ ಪ್ರಾಣಿ ರಕ್ತದ ಸೀರಂ. ನಾವು ಹಾರ್ಮೋನ್ ಹಾಕುವ ಮೊದಲೇ ಕೋಶಗಳು ಹಾರ್ಮೋನಿನಲ್ಲಿ ನೆನೆದು ಕೂತಿದ್ದವು.

ಈಗ ನಾನು ಊರಿನಲ್ಲೇ ಪಾಠ ಮಾಡುತ್ತೇನೆ. ಎಂಎಸ್ಸಿ ಮುಗಿಸಲು ಮೈಸೂರು, ಬೆಂಗಳೂರಿಗೆ ಪ್ರಾಜೆಕ್ಟ್‌ಗೆ ಹೋಗುವ ನಮ್ಮ ಮಕ್ಕಳು ಪ್ರತಿ ವರ್ಷ ಫೋನ್ ಮಾಡುತ್ತಾರೆ: "ಮೇಡಂ, ಹಾರ್ಮೋನ್ ಹಾಕಿದ್ದೀನಿ, ಜೀನ್ ಅಲುಗಾಡ್ತಾನೇ ಇಲ್ಲ." ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದು ಸಲ ಪೂರ್ತಿ ಬರೆದಿಡೋಣ ಅನಿಸಿತು.

ಮೊದಲು, ಒಳಗೆ ಏನು ನಡೆಯುತ್ತದೆ

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಅದರ ಜೊತೆ ಇಳಿಯುವ ಉಪ್ಪು ಸುಮಾರು ಒಂದೂವರೆ ಕೆಜಿ, ಅಂದರೆ ಅಂಗಡಿಯ ಒಂದು ಪ್ಯಾಕೆಟ್ ಉಪ್ಪಿಗಿಂತ ಜಾಸ್ತಿ. ಅದರಲ್ಲಿ ಬಹುಪಾಲು ದಾರಿಯಲ್ಲೇ ವಾಪಸ್ ರಕ್ತಕ್ಕೆ ಹೋಗುತ್ತದೆ. ಕೊನೆಗೆ ಉಳಿದ ಸ್ವಲ್ಪ ಉಪ್ಪನ್ನು ಬಿಡಬೇಕಾ, ಇಟ್ಟುಕೊಳ್ಳಬೇಕಾ ಅನ್ನುವ ತೀರ್ಮಾನ ನಡೆಯುವುದು ಕಿಡ್ನಿಯ ಸೂಕ್ಷ್ಮ ನಳಿಕೆಯ ಕೊನೆ ಭಾಗದಲ್ಲಿ, ಕಲೆಕ್ಟಿಂಗ್ ಡಕ್ಟ್ ಮತ್ತು ಅದರ ಸ್ವಲ್ಪ ಹಿಂದೆ. ಅಲ್ಲಿ ಮುಖ್ಯವಾಗಿ ಮಾತು ನಡೆಯುವುದು ಅಲ್ಡೋಸ್ಟೆರೋನ್‌ದು.

ಈ ಹಾರ್ಮೋನನ್ನು 1953ರಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ತಮ್ಮ ಜೊತೆಗಾರರ ಸಂಗಡ ಬೇರ್ಪಡಿಸಿದರು. ಇದು ಸ್ಟೆರಾಯ್ಡ್, ಕೊಬ್ಬಿನಲ್ಲಿ ಕರಗುವಂಥದ್ದು. ಹಾಗಾಗಿ ಕೋಶದ ಪೊರೆ ದಾಟಿ ಸೀದಾ ಒಳಗೆ ಹೋಗುತ್ತದೆ. ಒಳಗೆ ಅದನ್ನು ಹಿಡಿಯುವ ಪ್ರೋಟೀನ್, ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್, ಕಾಯುತ್ತಿರುತ್ತದೆ. ಎರಡೂ ಜೋಡಿಯಾಗಿ ನ್ಯೂಕ್ಲಿಯಸ್‌ಗೆ ಹೋಗಿ, ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕೂತು, ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಬೇಗ ಏರುವವುಗಳಲ್ಲಿ ಎಸ್‌ಜಿಕೆ1 ಮುಖ್ಯವಾದದ್ದು. ಕೋಶದ ಪೊರೆಯಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲು ಒಂದಿದೆ, ಈನ್ಯಾಕ್ ಅಂತ. ನೆಡ್4-2 ಅನ್ನುವ ಪ್ರೋಟೀನ್ ಆ ಬಾಗಿಲನ್ನು ಕಿತ್ತು ಒಳಗೆ ಎಳೆಸುತ್ತಿರುತ್ತದೆ. ಎಸ್‌ಜಿಕೆ1 ಹೋಗಿ ಅದರ ಮೇಲೆ ಫಾಸ್ಫೇಟ್ ಅಂಟಿಸಿ, ಕೈ ಹಿಡಿದು ನಿಲ್ಲಿಸುತ್ತದೆ. ಬಾಗಿಲು ಪೊರೆಯಲ್ಲೇ ಉಳಿಯುತ್ತದೆ, ಉಪ್ಪು ದೇಹದಲ್ಲಿ ಉಳಿಯುತ್ತದೆ, ಅದರ ಹಿಂದೆ ನೀರೂ ಉಳಿಯುತ್ತದೆ.

ಹಾರ್ಮೋನ್ ಹಾಕಿದ ತಕ್ಷಣ ಸೋಡಿಯಂ ಹೆಚ್ಚು ಒಳಗೆ ಬರುವುದಿಲ್ಲ, ಹತ್ತಿರ ಹತ್ತಿರ ಒಂದು ಗಂಟೆ ಕಾಯಬೇಕು. 1963ರಲ್ಲಿ ಎಡೆಲ್ಮನ್ ಮತ್ತು ಜೊತೆಗಾರರು ನೆಲಗಪ್ಪೆಯ ಮೂತ್ರಕೋಶದ ಮೇಲೆ ಕೆಲಸ ಮಾಡಿ, ಹೊಸ ಆರ್‌ಎನ್‌ಎ ಮತ್ತು ಪ್ರೋಟೀನ್ ತಯಾರಾಗದಂತೆ ತಡೆದರೆ ಅಲ್ಡೋಸ್ಟೆರೋನ್ ಕೆಲಸವೇ ನಡೆಯುವುದಿಲ್ಲ ಅಂತ ತೋರಿಸಿದರು. ಒಂದು ಜೀನನ್ನೂ ನೇರವಾಗಿ ಅಳೆಯಲು ಆಗದಿದ್ದ ಕಾಲ ಅದು. ನನಗೆ ಈ ಕೆಲಸದ ಮೇಲೆ ಇವತ್ತಿಗೂ ಬಹಳ ಗೌರವ.

ಹೆಜ್ಜೆ 1: ಕೋಶ ಆರಿಸುವುದು

ಲ್ಯಾಬಿನಲ್ಲಿ ಏನಿದೆಯೋ ಅದನ್ನೇ ಹಿಡಿದು ಶುರು ಮಾಡಬೇಡಿ. ಹೆಚ್ಚಿನ ಕಡೆ ಇರುವುದು ಹೆಕ್293 (ಹ್ಯೂಮನ್ ಎಂಬ್ರಿಯಾನಿಕ್ ಕಿಡ್ನಿ). ಹೆಸರಿನಲ್ಲಿ ಕಿಡ್ನಿ ಇದೆ, 1973ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಭ್ರೂಣದ ಕಿಡ್ನಿ ಕೋಶಗಳಿಂದಲೇ ಮಾಡಿದ್ದು. ಆದರೆ ನಳಿಕೆಯ ಕೋಶದ ಗುಣ ಅದರಲ್ಲಿ ಉಳಿದಿಲ್ಲ. ರಿಸೆಪ್ಟರ್ ಅನ್ನು ಹೊರಗಿನಿಂದ ಸೇರಿಸಿ ಮಾಡುವ ಕೆಲಸಕ್ಕೆ ಅದು ಒಳ್ಳೆಯದು, ಈ ಪ್ರಶ್ನೆಗೆ ಬೇಡ.

ಅಲ್ಡೋಸ್ಟೆರೋನ್ ನೋಡಬೇಕು ಅಂದರೆ ಸಣ್ಣ ಇಲಿಯ, ಅಂದರೆ ಮೌಸ್‌ನ, ಕಲೆಕ್ಟಿಂಗ್ ಡಕ್ಟ್‌ನಿಂದ ಬಂದ ಎಂಪಿಕೆ-ಸಿಸಿಡಿ ಅಥವಾ ಎಂ-1 ಕೋಶಗಳು ಸೂಕ್ತ. ಕೋಶ ತರಿಸುವ ಮೊದಲು ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನ ಕೋಶ ಭಂಡಾರದಲ್ಲಿ ಏನು ಸಿಗುತ್ತದೆ ವಿಚಾರಿಸಿ. ನಿಮ್ಮ ಬಳಿ ಎಚ್‌ಕೆ-2 ಮಾತ್ರ ಇದೆಯಾ? ಅದು ಮನುಷ್ಯರ ನಳಿಕೆಯ ಮೊದಲ ಭಾಗದ ಕೋಶ. ಆಗ ಹಾರ್ಮೋನನ್ನೇ ಬದಲಿಸಿ. ಕ್ಯಾಲ್ಸಿಟ್ರಿಯಾಲ್, ಅಂದರೆ ಕೆಲಸ ಮಾಡುವ ರೂಪದ ವಿಟಮಿನ್ ಡಿ, 100 ನ್ಯಾನೋಮೋಲಾರ್ ಹಾಕಿ 24 ಗಂಟೆ ಬಿಟ್ಟು ಸಿವೈಪಿ24ಎ1 ಜೀನ್ ನೋಡಿ. ಅದು ಜೋರಾಗಿ ಏರುತ್ತದೆ. ಮೊದಲ ಸಲದವರಿಗೆ ಧೈರ್ಯ ಬರಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ ಅಂತ ನನ್ನ ಅಭಿಪ್ರಾಯ. ಬೆಳಕು ಬಿದ್ದರೆ ಕ್ಯಾಲ್ಸಿಟ್ರಿಯಾಲ್ ಕೆಡುತ್ತದೆ, ಫಾಯಿಲ್ ಸುತ್ತಿಡಿ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಅದಕ್ಕೂ ಹೊಂದುತ್ತವೆ.

ಯಾವ ಕೋಶ ಆದರೂ ಸರಿ, ರಿಸೆಪ್ಟರ್ ಇದೆಯಾ ಅಂತ ಮೊದಲು ಒಂದು ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸಿ ನೋಡುವ ಪರೀಕ್ಷೆ) ಮಾಡಿ ನೋಡಿಕೊಳ್ಳಿ. ತುಂಬಾ ಸಲ ಪಾಸೇಜ್ ಮಾಡಿದ, ಅಂದರೆ ಹೊಸ ಪ್ಲೇಟಿಗೆ ಹಂಚಿ ಬೆಳೆಸಿದ, ಕೋಶಗಳಲ್ಲಿ ರಿಸೆಪ್ಟರ್ ಕಡಿಮೆಯಾಗಿರಬಹುದು. ಒಂದು ದಿನದ ಕೆಲಸ, ಮೂರು ತಿಂಗಳು ಉಳಿಸುತ್ತದೆ.

ಹೆಜ್ಜೆ 2: ಕೋಶ ತುಂಬಿಸುವುದು

6 ಗುಂಡಿಯ ಪ್ಲೇಟ್‌ನಲ್ಲಿ ಹಾಕಿ, 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್. ಗುಂಡಿಯ ತಳ ಪೂರ್ತಿ ಮುಚ್ಚುವವರೆಗೂ ಬಿಡಿ. ನಳಿಕೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಮೇಲ್ಮುಖ ಯಾವುದು ಕೆಳಮುಖ ಯಾವುದು ಅಂತ ಗೊತ್ತಾದ ಮೇಲೇ ತಮ್ಮ ನಿಜವಾದ ಸ್ವಭಾವ ತೋರಿಸುತ್ತವೆ. ದುಡ್ಡಿದ್ದರೆ ಫಿಲ್ಟರ್ ತಳದ ಇನ್‌ಸರ್ಟ್‌ಗಳಲ್ಲಿ ಬೆಳೆಸಿ, ಅದು ಇನ್ನೂ ಚೆನ್ನ.

ಮಳೆಗಾಲದಲ್ಲಿ ಇನ್‌ಕ್ಯುಬೇಟರ್ ಒಳಗೆ ಫಂಗಸ್ ಬರುವುದು ನಮ್ಮ ಮಲೆನಾಡಿನ ಲ್ಯಾಬ್‌ಗಳಿಗೆ ಹೊಸದಲ್ಲ. ನೀರಿನ ಟ್ರೇ ವಾರಕ್ಕೊಮ್ಮೆ ಬದಲಿಸಿ. ಮೈಕೋಪ್ಲಾಸ್ಮಾ ಅನ್ನುವ ಸಣ್ಣ ಬ್ಯಾಕ್ಟೀರಿಯಾ ಇದೆಯಾ ಅಂತ ಟೆಸ್ಟ್ ಮಾಡಿಸಿ. ಅದು ಕಣ್ಣಿಗೆ ಕಾಣದೆ ಜೀನ್‌ಗಳ ಲೆಕ್ಕವನ್ನೆಲ್ಲ ತಿರುಚಿಬಿಡುತ್ತದೆ.

ಹೆಜ್ಜೆ 3: ಹಸಿವಿಗೆ ಬಿಡುವುದು

ಇದೇ ಹೆಜ್ಜೆಗಾಗಿ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಹಾರ್ಮೋನ್ ಹಾಕುವ ಹಿಂದಿನ ದಿನವೇ ನಿಮ್ಮ ಪ್ರಯೋಗ ಗೆಲ್ಲುವುದು ಅಥವಾ ಸೋಲುವುದು.

ಎಂಪಿಕೆ-ಸಿಸಿಡಿ ಕೋಶಗಳನ್ನು ಬೆಳೆಸುವ ಮೀಡಿಯಾದಲ್ಲಿ ಸಾಮಾನ್ಯವಾಗಿ 50 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್, ಇನ್ಸುಲಿನ್, ಥೈರಾಯ್ಡ್ ಹಾರ್ಮೋನ್, ಇಜಿಎಫ್ ಅನ್ನುವ ಬೆಳವಣಿಗೆಯ ಪ್ರೋಟೀನ್ ಎಲ್ಲ ಇರುತ್ತವೆ. ಕೋಶ ಬೆಳೆಯಲು ಅವು ಬೇಕು. ಆದರೆ ಡೆಕ್ಸಾಮೆಥಾಸೋನ್ ಇನ್ನೊಂದು ಸ್ಟೆರಾಯ್ಡ್ ರಿಸೆಪ್ಟರ್, ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಮೂಲಕ ಎಸ್‌ಜಿಕೆ1ನ್ನು ತಾನೇ ಏರಿಸಿಟ್ಟಿರುತ್ತದೆ. ಸೀರಂನಲ್ಲೂ ಸ್ಟೆರಾಯ್ಡ್‌ಗಳು ಇರುತ್ತವೆ. ಎಸ್‌ಜಿಕೆ ಅನ್ನುವ ಹೆಸರನ್ನೇ ಬಿಡಿಸಿ ನೋಡಿ: ಸೀರಂ ಅಂಡ್ ಗ್ಲುಕೊಕಾರ್ಟಿಕಾಯ್ಡ್ ರೆಗ್ಯುಲೇಟೆಡ್ ಕೈನೇಸ್. 1993ರಲ್ಲಿ ಕಂಡುಹಿಡಿದವರು ಎಚ್ಚರಿಕೆಯನ್ನು ಹೆಸರಿನಲ್ಲೇ ಇಟ್ಟಿದ್ದಾರೆ, ನಾವು ಮೂರಕ್ಷರ ಮಾತ್ರ ಓದಿ ಮುಂದೆ ಹೋಗುತ್ತೇವೆ.

ಮಾಡಬೇಕಾದದ್ದು ಇಷ್ಟು. ಹಳೆ ಮೀಡಿಯಾ ತೆಗೆದು, ಬೆಚ್ಚಗಿನ ಪಿಬಿಎಸ್ ಉಪ್ಪುನೀರಿನಲ್ಲಿ ಎರಡು ಸಲ ನಿಧಾನವಾಗಿ ತೊಳೆಯಿರಿ. ಫೀನಾಲ್ ರೆಡ್ ಇಲ್ಲದ ಮೀಡಿಯಾ ಹಾಕಿ. ಫೀನಾಲ್ ರೆಡ್ ಬಣ್ಣಕ್ಕೆ ಸ್ವಲ್ಪ ಈಸ್ಟ್ರೋಜನ್ ಗುಣ ಇದೆ, ಸ್ಟೆರಾಯ್ಡ್ ಕೆಲಸದಲ್ಲಿ ಅದನ್ನು ದೂರ ಇಡುವುದೇ ರೂಢಿ. ಡೆಕ್ಸಾಮೆಥಾಸೋನ್ ಸೇರಿಸಬೇಡಿ. ಸೀರಂ ಪೂರ್ತಿ ಬಿಡಬಹುದು. ಕೋಶಗಳು ಸೊರಗುತ್ತವೆ ಅನಿಸಿದರೆ ಚಾರ್ಕೋಲ್ ಹಾಕಿ ಸ್ಟೆರಾಯ್ಡ್ ಹೀರಿ ತೆಗೆದ ಸೀರಂ ಸಿಗುತ್ತದೆ, ಅದನ್ನು 1 ಅಥವಾ 2 ಶೇಕಡಾ ಹಾಕಿ. ಹೀಗೆ 24 ಗಂಟೆ ಬಿಡಿ. ಈ ಹೊತ್ತಿನಲ್ಲಿ ಜೀನ್ ತಳಮಟ್ಟಕ್ಕೆ ಇಳಿಯುತ್ತದೆ. ಅದು ಇಳಿದಿದೆಯಾ ಅಂತ ಅಳೆದೇ ನೋಡಿ: ಹಸಿವಿಗೆ ಬಿಟ್ಟ ಗುಂಡಿ ಒಂದು, ಬಿಡದ ಗುಂಡಿ ಒಂದು. ನಾನು ಮೊದಲ ಸಲ ಇದನ್ನು ಅಳೆದ ದಿನ ಮೂರು ತಿಂಗಳ ಗಂಟು ಒಂದೇ ಮಧ್ಯಾಹ್ನ ಬಿಚ್ಚಿತು.

ಇಲ್ಲಿ ಇನ್ನೊಂದು ವಿಷಯ. ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್‌ಗೆ ದೇಹದ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಅಲ್ಡೋಸ್ಟೆರೋನ್‌ನಷ್ಟೇ ಚೆನ್ನಾಗಿ ಅಂಟುತ್ತದೆ, ಮತ್ತು ರಕ್ತದಲ್ಲಿ ಕಾರ್ಟಿಸಾಲ್ ನೂರು ಪಾಲಿಗಿಂತ ಹೆಚ್ಚಿರುತ್ತದೆ. ಹಾಗಾದರೆ ಅಲ್ಡೋಸ್ಟೆರೋನ್ ಮಾತು ಯಾರಿಗೆ ಕೇಳಬೇಕು? ಅದಕ್ಕೇ ಈ ಕೋಶಗಳಲ್ಲಿ 11 ಬೀಟಾ ಎಚ್‌ಎಸ್‌ಡಿ 2 ಅನ್ನುವ ಕಿಣ್ವ ಕೂತು ಕಾರ್ಟಿಸಾಲನ್ನು ಕಾರ್ಟಿಸೋನ್ ಮಾಡಿ ನಿಷ್ಕ್ರಿಯಗೊಳಿಸುತ್ತದೆ. ಕೆಮ್ಮಿಗೆ ನಾವು ಬಾಯಲ್ಲಿ ಇಟ್ಟುಕೊಳ್ಳುವ ಜೇಷ್ಠಮಧುವಿನಲ್ಲಿರುವ ಒಂದು ಅಂಶ ಈ ಕಿಣ್ವವನ್ನೇ ತಡೆಯುತ್ತದೆ. ಅದಕ್ಕೇ ದಿನವೂ ಜಾಸ್ತಿ ತಿಂದವರಲ್ಲಿ ಬಿಪಿ ಏರಿ ಪೊಟ್ಯಾಸಿಯಂ ಇಳಿಯುವುದು. ಮನೆಯ ಡಬ್ಬಿಯಲ್ಲಿರುವ ಬೇರಿಗೂ ನಿಮ್ಮ ಪ್ಲೇಟ್‌ಗೂ ಇರುವ ನಂಟು ಇದು. ಡೆಕ್ಸಾಮೆಥಾಸೋನ್ ವಿಷಯದಲ್ಲಿ ಮಾತ್ರ ಈ ಕಾವಲನ್ನು ನಂಬಬೇಡಿ, ನೀವೇ ತೊಳೆದು ತೆಗೆಯಬೇಕು.

ಹೆಜ್ಜೆ 4: ಹಾರ್ಮೋನ್ ಲೆಕ್ಕ

ಅಲ್ಡೋಸ್ಟೆರೋನ್ ಅಣುತೂಕ 360.4. 5 ಮಿಲಿಗ್ರಾಂ ಬಾಟಲಿಗೆ 1.39 ಮಿಲಿಲೀಟರ್ ಎಥನಾಲ್ ಹಾಕಿದರೆ 10 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಅದರಿಂದ 10 ಮೈಕ್ರೋಮೋಲಾರ್‌ಗೆ ಇಳಿಸಬೇಕು, ಅಂದರೆ ಸಾವಿರಕ್ಕೆ ಒಂದು. ಒಂದೇ ಸಲ 1 ಮೈಕ್ರೋಲೀಟರ್ ಎತ್ತಲು ಹೋಗಬೇಡಿ, ಎಥನಾಲ್ ಪಿಪೆಟ್‌ನಿಂದ ಸೋರುತ್ತದೆ. 10 ಮೈಕ್ರೋಲೀಟರ್ ತೆಗೆದು 990 ಎಥನಾಲ್‌ಗೆ, ಅದರಿಂದ 100 ತೆಗೆದು 900ಕ್ಕೆ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಮೈನಸ್ 20ರಲ್ಲಿಡಿ. ಸ್ಟೆರಾಯ್ಡ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ಎಥನಾಲ್ ಆರಿಹೋದರೆ ನಿಮ್ಮ ಲೆಕ್ಕವೂ ಹಾರಿಹೋಗುತ್ತದೆ.

ಗುಂಡಿಯಲ್ಲಿ 2 ಮಿಲಿಲೀಟರ್ ಮೀಡಿಯಾ ಇದ್ದರೆ ಈ ಕೊನೆಯ ದ್ರಾವಣ 2 ಮೈಕ್ರೋಲೀಟರ್ ಹಾಕಿ, 10 ನ್ಯಾನೋಮೋಲಾರ್ ಆಯಿತು. ಜಾಸ್ತಿ ಹಾಕಿದರೆ ಜಾಸ್ತಿ ಫಲ ಅಂತ 1 ಮೈಕ್ರೋಮೋಲಾರ್ ಹಾಕುವವರು ಇದ್ದಾರೆ. ಅಷ್ಟು ಹಾಕಿದರೆ ಅಲ್ಡೋಸ್ಟೆರೋನ್ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್‌ಗೂ ಹೋಗಿ ಕೂರುತ್ತದೆ. ಜೀನ್ ಏರಿದ್ದು ಯಾರಿಂದ ಅಂತ ಆಮೇಲೆ ಹೇಳಲು ಆಗುವುದಿಲ್ಲ.

ಗುಂಪುಗಳು ಕನಿಷ್ಠ ನಾಲ್ಕು ಬೇಕು. ಬರೀ ಎಥನಾಲ್. ಅಲ್ಡೋಸ್ಟೆರೋನ್. ಅಲ್ಡೋಸ್ಟೆರೋನ್ ಜೊತೆ ಸ್ಪೈರೊನೊಲ್ಯಾಕ್ಟೋನ್. ಬರೀ ಸ್ಪೈರೊನೊಲ್ಯಾಕ್ಟೋನ್. ಸ್ಪೈರೊನೊಲ್ಯಾಕ್ಟೋನನ್ನೂ ಎಥನಾಲ್‌ನಲ್ಲೇ ಕರಗಿಸಿ, 10 ಮೈಕ್ರೋಮೋಲಾರ್ ಆಗುವ ಹಾಗೆ, ಹಾರ್ಮೋನ್‌ಗಿಂತ ಒಂದು ಗಂಟೆ ಮೊದಲು ಹಾಕಿ. ಇದು ರಿಸೆಪ್ಟರ್‌ನ ಜಾಗ ಹಿಡಿದು ಕೂರುತ್ತದೆ. ಜೀನ್ ಏರುವುದು ನಿಂತರೆ ಅದು ರಿಸೆಪ್ಟರ್ ಮೂಲಕವೇ ಆದದ್ದು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ನಿಲ್ಲದಿದ್ದರೆ ಮಿಫೆಪ್ರಿಸ್ಟೋನ್ ಹಾಕಿ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ತಡೆದು ನೋಡಬೇಕು. ನಮ್ಮ ಅಮ್ಮನ ಮಾತ್ರೆ ಡಬ್ಬಿಯಲ್ಲಿ ಆಲ್ಡಾಕ್ಟೋನ್ ಇದೆ, ಅದೂ ಸ್ಪೈರೊನೊಲ್ಯಾಕ್ಟೋನೇ. ಲ್ಯಾಬಿನಲ್ಲಿ ಈ ಗುಂಡಿಯ ಫಲಿತಾಂಶ ಮೊದಲ ಸಲ ಸರಿಯಾಗಿ ಬಂದಾಗ, ಅಮ್ಮನ ಕಾಲಿನ ಊತ ಯಾಕೆ ಇಳಿಯಿತು ಅಂತ ನನಗೆ ಕಣ್ಣಾರೆ ಕಂಡ ಹಾಗಾಯಿತು.

ಒಂದು ಸಣ್ಣ ವಿಷಯ, ಬಹಳ ಜನ ತಪ್ಪುವುದು ಇಲ್ಲೇ. ಎರಡೂ ಹಾಕಿದ ಗುಂಡಿಗೆ ಎಥನಾಲ್ ಎರಡು ಪಾಲು ಹೋಗಿರುತ್ತದೆ, 0.2 ಶೇಕಡಾ. ಹಾಗಾಗಿ ಉಳಿದ ಎಲ್ಲ ಗುಂಡಿಗೂ ಒಟ್ಟು 0.2 ಶೇಕಡಾ ಆಗುವಂತೆ ಎಥನಾಲ್ ಸರಿದೂಗಿಸಿ.

ಹೆಜ್ಜೆ 5: ಹಾಕುವುದು, ಕಾಯುವುದು

ಹಾರ್ಮೋನ್ ಹಾಕುವಾಗ ಮೀಡಿಯಾ ಬದಲಿಸಬೇಡಿ. ಕೋಶ ಸ್ವಲ್ಪ ಕುಗ್ಗಿದರೂ, ಉಪ್ಪಿನಂಶ ಹೆಚ್ಚುಕಮ್ಮಿ ಆದರೂ ಎಸ್‌ಜಿಕೆ1 ಏರುತ್ತದೆ. ಇದ್ದ ಮೀಡಿಯಾಗೇ ಹನಿ ಹಾಕಿ, ಪ್ಲೇಟ್ ಮೆಲ್ಲಗೆ ಆಡಿಸಿ, ವಾಪಸ್ ಒಳಗಿಡಿ. ಎಥನಾಲ್ ಗುಂಡಿಯನ್ನೂ ಅಷ್ಟೇ ಹೊತ್ತು ಹೊರಗಿಟ್ಟು, ಅಷ್ಟೇ ಆಡಿಸಿ.

ಸಮಯ: ಅರ್ಧ ಗಂಟೆ, 1, 2, 4, 8, 24. ಎಸ್‌ಜಿಕೆ1 ಮೊದಲ ಒಂದೆರಡು ಗಂಟೆಯಲ್ಲೇ ಎದ್ದು ಕಾಣುತ್ತದೆ. ಈನ್ಯಾಕ್‌ನ ಆಲ್ಫಾ ಭಾಗದ ಜೀನ್ ನಿಧಾನ, ಅದಕ್ಕೆ ಇನ್ನಷ್ಟು ಗಂಟೆಗಳು ಬೇಕು. ಬರೀ 24 ಗಂಟೆಗೆ ನೋಡಿ ಎಸ್‌ಜಿಕೆ1 ಏರಲಿಲ್ಲ ಅಂತ ಬರೆದವರನ್ನು ನಾನು ನೋಡಿದ್ದೇನೆ, ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ ಅದು. ಹಾಕುವ ಹೊತ್ತನ್ನು ಹಿಂದೆಮುಂದೆ ಮಾಡಿ, ಎಲ್ಲ ಗುಂಡಿಯನ್ನೂ ಒಂದೇ ಹೊತ್ತಿಗೆ ತೆಗೆಯುವ ಹಾಗೆ ನೋಡಿಕೊಳ್ಳಿ. ಪ್ರತಿ ಸಮಯಕ್ಕೂ ಅದರದೇ ಎಥನಾಲ್ ಗುಂಡಿ ಇರಲಿ. ಪರ್1 ಅನ್ನುವ ಗಡಿಯಾರದ ಜೀನ್ ಕೂಡ ಅಲ್ಡೋಸ್ಟೆರೋನ್ ಮಾತು ಕೇಳುತ್ತದೆ, ಕೋಶಗಳಿಗೆ ಅವುಗಳದೇ ಹಗಲುರಾತ್ರಿ ಇದೆ.

ಹೆಜ್ಜೆ 6: ಆರ್‌ಎನ್‌ಎ ತೆಗೆಯುವುದು

ಮೀಡಿಯಾ ಹೀರಿ, ಗುಂಡಿಗೆ ತಕ್ಷಣ 1 ಮಿಲಿಲೀಟರ್ ಟ್ರೈಝಾಲ್, ಅಂದರೆ ಕೋಶ ಒಡೆದು ಆರ್‌ಎನ್‌ಎ ಬಿಡಿಸುವ ದ್ರವ. ಇದರಲ್ಲಿ ಫೀನಾಲ್ ಇದೆ, ಚರ್ಮ ಸುಡುತ್ತದೆ. ಗ್ಲೌಸ್, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಮುಟ್ಟಲೇಬೇಡಿ. ಟ್ಯೂಬ್‌ಗೆ ಎತ್ತಿಕೊಂಡು 0.2 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ 15 ಸೆಕೆಂಡ್ ಕುಲುಕಿ, ಎರಡು ಮೂರು ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಮೇಲಿನ ತಿಳಿ ಪದರವನ್ನು ಮಾತ್ರ ತೆಗೆಯಿರಿ. ಪೂರ್ತಿ ತೆಗೆಯುವ ಆಸೆ ಬೇಡ, ಮಧ್ಯದ ಬಿಳಿ ಪದರ ಸ್ವಲ್ಪ ಬಂದರೂ ಡಿಎನ್‌ಎ ಬಂದುಬಿಡುತ್ತದೆ. ಅರ್ಧ ಮಿಲಿಲೀಟರ್ ಐಸೊಪ್ರೊಪನಾಲ್, 10 ನಿಮಿಷ, ಮತ್ತೆ 10 ನಿಮಿಷ ತಿರುಗಿಸುವುದು. 75 ಶೇಕಡಾ ಎಥನಾಲ್‌ನಲ್ಲಿ ತೊಳೆಯುವುದು. ತೀರಾ ಗಟ್ಟಿ ಒಣಗಿಸಬೇಡಿ, ಆಮೇಲೆ ಕರಗುವುದಿಲ್ಲ. 30 ಮೈಕ್ರೋಲೀಟರ್ ಆರ್‌ಎನ್‌ಏಸ್ ಇಲ್ಲದ ನೀರಿನಲ್ಲಿ ಕರಗಿಸಿ.

ಆರ್‌ಎನ್‌ಎ ಹೀರುವ ಬೆಳಕನ್ನು ಬೇರೆ ಬೇರೆ ನ್ಯಾನೋಮೀಟರ್‌ನಲ್ಲಿ ಅಳೆದಾಗ, 260ಕ್ಕೆ 280ರ ಅನುಪಾತ 2ರ ಹತ್ತಿರ ಇರಬೇಕು. 260ಕ್ಕೆ 230ರದ್ದು ತುಂಬಾ ಕಡಿಮೆ ಬಂದರೆ ಫೀನಾಲ್ ಅಥವಾ ಗ್ವಾನಿಡಿನ್ ಉಳಿದಿದೆ, ಮತ್ತೆ ತೊಳೆಯಿರಿ. ಡಿಎನ್‌ಏಸ್ ಹಾಕಿ ಡಿಎನ್‌ಎ ತೆಗೆದುಬಿಡಿ. ಎಲ್ಲ ಮಾದರಿಯಿಂದಲೂ ಸಮವಾಗಿ 1 ಮೈಕ್ರೋಗ್ರಾಂ ತೆಗೆದು ಸಿಡಿಎನ್‌ಎ, ಅಂದರೆ ಆರ್‌ಎನ್‌ಎಯ ಡಿಎನ್‌ಎ ನಕಲು, ಮಾಡಿ. ಪ್ರತಿ ಮಾದರಿಗೂ ಈ ನಕಲು ಮಾಡುವ ಕಿಣ್ವ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಹಾಕದ ಒಂದು ಟ್ಯೂಬ್ ಇಡಿ. ಅದರಲ್ಲೂ ಸಿಗ್ನಲ್ ಬಂದರೆ ನೀವು ಅಳೆಯುತ್ತಿರುವುದು ಡಿಎನ್‌ಎ.

ಹೆಜ್ಜೆ 7: ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮತ್ತು ಲೆಕ್ಕ

ಪ್ರೈಮರ್ ಎರಡು ಎಕ್ಸಾನ್‌ಗಳ (ಆರ್‌ಎನ್‌ಎಯಲ್ಲಿ ಉಳಿಯುವ ಭಾಗ) ನಡುವೆ ಇಂಟ್ರಾನ್ (ಕತ್ತರಿಸಿ ಹೋಗುವ ಭಾಗ) ದಾಟುವ ಹಾಗಿರಲಿ, ನಕಲಾಗುವ ತುಣುಕಿನ ಉದ್ದ 80ರಿಂದ 150 ಬೇಸ್. ಮೊದಲು ಸಿಡಿಎನ್‌ಎಯನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತ ಹೋಗಿ ಗೆರೆ ಎಳೆಯಿರಿ. ಇಳಿಜಾರು ಮೈನಸ್ 3.32 ಬಂದರೆ ಪ್ರತಿ ಸುತ್ತಿಗೂ ಸರಿಯಾಗಿ ಎರಡರಷ್ಟು ಆಗುತ್ತಿದೆ ಅಂತ. ದಕ್ಷತೆ 90ರಿಂದ 110 ಶೇಕಡಾ ಒಳಗಿದ್ದರೆ ನಡೆಯುತ್ತದೆ. ಕೊನೆಗೆ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಇರಬೇಕು.

ಹೋಲಿಕೆಗೆ ಇಡುವ ಜೀನ್ ಹಾರ್ಮೋನಿಗೆ ಅಲುಗಾಡಬಾರದು. ಎಲ್ಲರೂ ಹಾಕುತ್ತಾರೆ ಅಂತ ಜಿಎಪಿಡಿಎಚ್ ಹಾಕಬೇಡಿ. ಎರಡು ಮೂರು ಜೀನ್‌ಗಳನ್ನು ಎಥನಾಲ್ ಗುಂಡಿ, ಹಾರ್ಮೋನ್ ಗುಂಡಿ ಎರಡರಲ್ಲೂ ನೋಡಿ, ಅಲುಗದೆ ನಿಂತದ್ದನ್ನು ಆರಿಸಿಕೊಳ್ಳಿ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಎಥನಾಲ್ ಗುಂಡಿಯಲ್ಲಿ ಎಸ್‌ಜಿಕೆ1 ಸಿಟಿ (ಸಿಗ್ನಲ್ ಕಾಣಿಸಿಕೊಳ್ಳಲು ಎಷ್ಟು ಸುತ್ತು ಬೇಕಾಯಿತು ಅನ್ನುವ ಸಂಖ್ಯೆ) 26.4, ಹೋಲಿಕೆಯ ಜೀನ್ 18.1. ವ್ಯತ್ಯಾಸ 8.3. ಅಲ್ಡೋಸ್ಟೆರೋನ್ ಗುಂಡಿಯಲ್ಲಿ 24.5 ಮತ್ತು 18.2. ವ್ಯತ್ಯಾಸ 6.3. ಎರಡನೆಯದರಿಂದ ಮೊದಲನೆಯದು ಕಳೆದರೆ ಮೈನಸ್ 2. ಎರಡರ ಎರಡನೇ ಘಾತ, ಅಂದರೆ ನಾಲ್ಕು ಪಟ್ಟು ಏರಿದೆ. ಇದೇ ಡೆಲ್ಟಾ ಡೆಲ್ಟಾ ಸಿಟಿ, 2001ರಲ್ಲಿ ಲಿವಾಕ್ ಮತ್ತು ಶ್ಮಿಟ್‌ಗೆನ್ ಬರೆದಿಟ್ಟ ದಾರಿ. ಸಿಟಿ ಇಳಿದರೆ ಜೀನ್ ಏರಿದೆ ಅಂತ ಅರ್ಥ, ಗಡಿಬಿಡಿಯಲ್ಲಿ ತಿರುವುಮುರುವು ಆಗುವುದು ಸಹಜ, ಗ್ರಾಫ್ ಹಾಕುವ ಮುಂಚೆ ಇನ್ನೊಮ್ಮೆ ನೋಡಿ.

ಒಂದೇ ದಿನ, ಒಂದೇ ಪ್ಲೇಟಿನ ಮೂರು ಗುಂಡಿ ಅಂದರೆ ಮೂರು ಪ್ರಯೋಗ ಆಗುವುದಿಲ್ಲ. ಬೇರೆ ಬೇರೆ ಪಾಸೇಜ್‌ನ ಕೋಶ, ಬೇರೆ ಬೇರೆ ವಾರ, ಕನಿಷ್ಠ ಮೂರು ಸಲ ಆಗಬೇಕು. ಒಂದೇ ಗದ್ದೆಯ ಮೂರು ತೆನೆ ಕಿತ್ತು ತಾಲ್ಲೂಕಿನ ಇಳುವರಿ ಹೇಳಲು ಆಗುತ್ತದಾ? ಅಂಕಿಅಂಶದ ಪರೀಕ್ಷೆಯನ್ನು ಡೆಲ್ಟಾ ಸಿಟಿ ಮೇಲೆ ಮಾಡಿ, ಪಟ್ಟುಗಳ ಮೇಲೆ ಬೇಡ.

ಹೆಜ್ಜೆ 8: ಏರಿತು, ಮುಂದೇನು

ಎಂಆರ್‌ಎನ್‌ಎ ಏರಿದ ಮಾತ್ರಕ್ಕೆ ಪ್ರೋಟೀನ್ ಏರಿದೆ ಅಂತ ಬರೆಯಬೇಡಿ. ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್ ಮಾಡಿ, ಎಸ್‌ಜಿಕೆ1 ಜೊತೆಗೆ ನೆಡ್4-2 ಮೇಲೆ ಫಾಸ್ಫೇಟ್ ಬಿದ್ದಿದೆಯಾ ನೋಡಿ. ಫಿಲ್ಟರ್ ಮೇಲೆ ಬೆಳೆಸಿದ್ದರೆ ಕೋಶದ ಪದರ ದಾಟುವ ಕರೆಂಟ್ ಅಳೆದು, ಈನ್ಯಾಕ್ ಮುಚ್ಚುವ ಅಮಿಲೊರೈಡ್ ಹಾಕಿದಾಗ ಎಷ್ಟು ಇಳಿಯಿತು ನೋಡಿದರೆ ಈನ್ಯಾಕ್ ಬಾಗಿಲು ಎಷ್ಟು ತೆರೆದಿತ್ತು ಗೊತ್ತಾಗುತ್ತದೆ. ಆಕ್ಟಿನೋಮೈಸಿನ್ ಡಿ ಹಾಕಿ ಹೊಸ ಆರ್‌ಎನ್‌ಎ ತಡೆದಾಗ ಏರಿಕೆ ನಿಂತರೆ, ಹಳೆ ಆರ್‌ಎನ್‌ಎ ಹೆಚ್ಚು ಹೊತ್ತು ಉಳಿದದ್ದಲ್ಲ, ಜೀನ್ ನಿಜವಾಗಿ ಚಾಲೂ ಆದದ್ದೇ ಕಾರಣ ಅಂತ ಹೇಳಬಹುದು. ಆಕ್ಟಿನೋಮೈಸಿನ್ ವಿಷ, ಕೆಲವೇ ಗಂಟೆಗಳ ಪ್ರಯೋಗಕ್ಕೆ ಮಾತ್ರ.

ಏರದಿದ್ದರೆ ಇದೇ ಕ್ರಮದಲ್ಲಿ ಹಿಂದಕ್ಕೆ ಹೋಗಿ. ಮೊದಲು ಹಸಿವಿನ ಮೀಡಿಯಾ ಬಾಟಲಿಯ ಲೇಬಲ್ ಓದಿ, ಅದನ್ನು ಮಾಡಿದವರನ್ನು ಏನೇನು ಹಾಕಿದ್ರಿ ಅಂತ ಕೇಳಿ. ಆಮೇಲೆ ರಿಸೆಪ್ಟರ್. ಆಮೇಲೆ ಸಮಯ. ಹಾರ್ಮೋನ್ ಕೆಟ್ಟಿದೆಯಾ ಅನ್ನುವುದು ಕೊನೆಗೆ. ಉಳಿದ ಆರ್‌ಎನ್‌ಎಯನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ, ಟ್ಯೂಬ್ ಮೇಲೆ ತಾರೀಖು, ಪಾಸೇಜ್ ನಂಬರ್, ಎಷ್ಟು ಗಂಟೆ ಹಸಿವಿಗೆ ಬಿಟ್ಟಿದ್ದಿರಿ ಅನ್ನುವುದನ್ನು ಅಳಿಸದ ಪೆನ್ನಿನಲ್ಲಿ ಬರೆಯಿರಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಕಡೆ ಇದ್ದರೆ ಆ ಫ್ರೀಜರ್ ಜನರೇಟರ್ ಲೈನಿನಲ್ಲಿದೆಯಾ ಅಂತ ಇವತ್ತೇ ಕೇಳಿಬಿಡಿ.